ಕಾಲು ತಾಗಿದರೆ

ಜೀಡಿಮೆಟ್ಲಾ, ಹೈದರಾಬಾದ್
8 ಡಿಸೆಂಬರ್ 2024

ಪ್ರೀತಿಯ ಉಮಕ್ಕನಿಗೆ,

ನಿನ್ನ ತಮ್ಮ ಗುರುಶಾಂತನ ಶರಣು ಶರಣಾರ್ಥಿ. ನಾವಿಲ್ಲಿ ಕ್ಷೇಮವಾಗಿದ್ದೇವೆ. ಬಸವಕಲ್ಯಾಣದಲ್ಲಿ ನೀನು, ಮಾಮಾ, ಮೊಮ್ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ದೀಪಾವಳಿಗೆ ನೀನು ಬರೆದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ನಾನು ಕಿರುಚಿದ್ದು ಇಡೀ ಗಲ್ಲಿಗೆ ಕೇಳಿಸುತ್ತದೆ, ನಿನಗೊಬ್ಬಳಿಗೆ ಕೇಳಿಸುವುದಿಲ್ಲ. ಕಿವಿಗೆ ಮಷೀನು ಹಾಕಿಕೋ ಅಂದರೆ ನೀನು ಹಾಕಿಕೊಳ್ಳುವವಳೂ ಅಲ್ಲ. ಹೀಗಾಗಿ ನಮ್ಮಿಬ್ಬರಿಗೆ ಕಾಗದವೇ ಗತಿ.

ನನ್ನ ಎಡ ಮೊಣಕಾಲು ಹಾಗೆಯೇ ಇದೆ. ಶೋಭಾ ದಿನಾಲೂ ಎಣ್ಣೆ ಹಚ್ಚಿ, "ಇನ್ನ ಸಾಕು ಮಾಡ್ರಿ, ಹುಡುಗ್ಯಾರ ಹಿಂದ ಓಡೂ ವಯಸ್ಸೇನ್ರಿ ಇದು?" ಎಂದು ಬೈಯುತ್ತಾಳೆ. ಅವಳ ಮಾತು ಸುಳ್ಳಲ್ಲ. ಇಷ್ಟು ವರ್ಷ ಡ್ರಿಲ್ ಮಾಸ್ತರನಾಗಿ ಸೀಟಿ ಊದಿಯೇ ಹೊಟ್ಟೆ ಹೊರೆದವನಿಗೆ ಈಗೀಗ ಸೀಟಿಯ ಸದ್ದು ಕೇಳಿದರೆ ತಲೆ ನೋಯುತ್ತದೆ. ದಣಿವು ಮೈಯದ್ದೋ ಮನಸ್ಸಿನದ್ದೋ ನನಗೇ ಗೊತ್ತಾಗುತ್ತಿಲ್ಲ. ಅದಕ್ಕೇ ನಿನಗೆ ಎಲ್ಲ ಬರೆದು ಹಗುರಾಗೋಣವೆಂದು ಕೂತಿದ್ದೇನೆ.

ನಮ್ಮ ಶಾಲೆಯ ಹೈಸ್ಕೂಲು ಹುಡುಗಿಯರು ಫುಟ್‌ಬಾಲ್ ಫೈನಲ್‌ಗೆ ಬಂದಿದ್ದರು, ಅಕ್ಕಾ. ಇಲ್ಲಿನ ಔಷಧಿ ಕಾರ್ಖಾನೆಗಳ ಹಿಂದಿನ ಬಯಲಿನಲ್ಲಿ, ಕಲ್ಲು ಆರಿಸಿ, ಮೂಗು ಮುಚ್ಚಿಕೊಂಡು ಆಡಿದ ಹುಡುಗಿಯರು. ಅರ್ಧ ತೆಲುಗಿನವರು, ಅರ್ಧ ನಮ್ಮ ಕಡೆಯ ಕೂಲಿ ಜನರ ಮಕ್ಕಳು. ಅವರಲ್ಲಿ ಗುರುದೇವಿ ಎಂಬವಳ ಬಗ್ಗೆ ನಿನಗೆ ಹೋದ ವರ್ಷವೇ ಬರೆದಿದ್ದೆ. ಕುಷ್ಟಗಿ ಕಡೆಯವಳು, ಒಂಬತ್ತನೇ ಇಯತ್ತೆ. ನಮ್ಮ ಗೋಲಿನ ಕಡೆ ನಿಂತು, ನುಗ್ಗಿ ಬರುವವರನ್ನು ತಡೆಯುವ ಆಟ ಅವಳದು. ಅವಳನ್ನು ದಾಟಿ ಚೆಂಡು ಒಯ್ಯುವುದೆಂದರೆ ನಿನ್ನ ಅಡುಗೆಮನೆಯಿಂದ ಬೆಲ್ಲ ಕದ್ದ ಹಾಗೆ, ಆಗುವ ಮಾತಲ್ಲ.

ಅವಳ ಅಪ್ಪ ಹುಲಗೇಶ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ, ಅವ್ವ ಹಂಪಮ್ಮ ಇಟ್ಟಿಗೆ ಹೊರುತ್ತಾಳೆ. ಇಲ್ಲಿನ ಕೆಲಸ ಮುಗಿದು ಅವರು ಶಂಶಾಬಾದಿನ ಹೊಸ ಕಟ್ಟಡಕ್ಕೆ ಹೊರಟಿದ್ದರು. ಅಲ್ಲಿ ಶೆಡ್ಡಿನ ಹತ್ತಿರ ಶಾಲೆಯಿಲ್ಲ, ಕೈಗೂಸು ಬೇರೆ ಇದೆ. ಗುರುದೇವಿ ಹೋದಳೆಂದರೆ ಕೂಸು ಆಡಿಸುತ್ತಾ ಕೂರುವುದೇ. ಉಳಿದ ದಾರಿ ಒಂದೇ, ಕ್ರೀಡಾ ಹಾಸ್ಟೆಲಿನ ಸೀಟು. ಅದು ಸಿಕ್ಕರೆ ಊಟ, ವಸತಿ, ಓದು, ಆಟ ಎಲ್ಲವೂ ಸಿಕ್ಕ ಹಾಗೆ. ಫೈನಲ್ ನೋಡಿ ಹುಡುಗಿಯರನ್ನು ಆರಿಸಲು ಹಾಸ್ಟೆಲಿನವರು ಬರುತ್ತಾರೆಂದು ತಿಳಿದಾಗ ಹುಲಗೇಶ, "ಸೀಟ್ ಸಿಕ್ರ ಬಿಟ್ಟ ಹೊಕ್ಕೀನ್ರಿ ಸರ. ಸಿಗಲಿಲ್ಲಂದ್ರ ನನ್ನ ಕೈಯಾಗೇನೈತಿ ಹೇಳ್ರಿ?" ಅಂದಿದ್ದ.

ಈಗ ನಿನ್ನ ಪಾಠಕ್ಕೆ ಬರುತ್ತೇನೆ. ನೆನಪಿದೆಯೇ, ಚಿಕ್ಕವನಿದ್ದಾಗ ನಾನು ಓಡುತ್ತಾ ನಿನಗೆ ಕಾಲು ತಾಗಿಸಿ ಹಾಗೇ ಹೋಗಿಬಿಟ್ಟಿದ್ದೆ. ನೀನು ಹಿಡಿದು ಕಿವಿ ಹಿಂಡಿ, "ಕಾಲ್ ಹತ್ತಿದ್ರ ಮುಟ್ಟಿ ಶರಣು ಮಾಡ್ಬೇಕಂತ ಎಷ್ಟ್ ಸಲ ಹೇಳ್ಬೇಕೋ ನಿಂಗ? ಎದುರಿನ ಮಂದಿ ಏನ್ ಕಲ್ಲೇನು?" ಅಂದಿದ್ದೆ. ಅವತ್ತಿನಿಂದ ನನ್ನ ಕೈ ತಾನಾಗಿಯೇ ಬಗ್ಗುತ್ತದೆ. ನನ್ನ ಟೀಮಿಗೂ ಅದನ್ನೇ ಕಲಿಸಿದೆ. ಆಟ ನಡೆಯುವಾಗ ಕಾಲಿಗೆ ಕಾಲು ಬಡಿದರೆ ಚಿಂತೆಯಿಲ್ಲ, ಬಿದ್ದವರ ಮೈಗೆ ಕಾಲು ತಾಗಿದರೆ ಮಾತ್ರ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಮುಂದೆ ಹೋಗಬೇಕು. ಮೊದಲೆಲ್ಲ ಜಡೆ ಹಿಡಿದು ಜಗಳಾಡುತ್ತಿದ್ದ ಹುಡುಗಿಯರು ಇದರಿಂದ ಎಷ್ಟು ತಣ್ಣಗಾದರೆಂದರೆ, ಬೇರೆ ಶಾಲೆಗಳ ಡ್ರಿಲ್ ಮಾಸ್ತರರು, "ಗುರುಶಾಂತ ಸರ್ ಟೀಮು ಆಡೋದಿಲ್ಲ, ಪೂಜೆ ಮಾಡುತ್ತೆ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೊಳಗೆ ಹೆಮ್ಮೆಯೂ ಇತ್ತು.

ಫೈನಲ್ ಮಣಿಕೊಂಡದ ಒಂದು ದೊಡ್ಡ ಶಾಲೆಯವರ ಜೊತೆ. ಅವರೂ ಚೆನ್ನಾಗಿಯೇ ಆಡಿದರು, ಇಲ್ಲವೆನ್ನಲಾರೆ. ಗೋಲಿಲ್ಲದೆ ಆಟ ಮುಗಿಯುತ್ತಾ ಬಂದಿತ್ತು. ಅವರ ಮುಂದಿನ ಹುಡುಗಿ ಚೆಂಡು ಹಿಡಿದು ನಮ್ಮ ಗೋಲಿನ ಹತ್ತಿರ ನುಗ್ಗಿದಳು. ಗುರುದೇವಿ ಕಾಲು ಚಾಚಿ ಚೆಂಡನ್ನಷ್ಟೇ ಹೊರಗೆ ತಳ್ಳಿದಳು. ನಾನು ಗೆರೆಯ ಪಕ್ಕದಲ್ಲೇ ನಿಂತಿದ್ದೆ, ನನ್ನ ಕಣ್ಣಾರೆ ಕಂಡದ್ದು ಇದು. ಆ ಹುಡುಗಿ ಓಡಿಬಂದ ರಭಸ ತಡೆಯಲಾರದೆ ತಾನೇ ಮುಗ್ಗರಿಸಿ ಬಿದ್ದಳು. ತಪ್ಪೇನಿಲ್ಲ, ಬರೀ ಕಾರ್ನರ್ ಎಂದು ರೆಫ್ರಿ ಆಗಲೇ ಕೈ ತೋರಿಸಿಯಾಗಿತ್ತು. ಗುರುದೇವಿ ಹಿಂದಕ್ಕೆ ತಿರುಗುವಾಗ ಅವಳ ಬೂಟು ಬಿದ್ದವಳ ತಲೆಗೆ ತುಸು ತಾಗಿತು. ಕಲಿತ ಹುಡುಗಿ, ಬಗ್ಗಿದಳು, ಅವಳ ಭುಜ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡಳು.

ಅಷ್ಟೇ ಸಾಕಾಯಿತು. ಆ ಕಡೆಯವರೆಲ್ಲ, "ನೋಡಿ ನೋಡಿ, ಅವಳೇ ಒಪ್ಪಿಕೊಂಡಳು!" ಎಂದು ಕೂಗಿದರು. ರೆಫ್ರಿ ಒಂದು ಗಳಿಗೆ ನಿಂತ. ಆಮೇಲೆ ಸೀಟಿ ಊದಿ ಪೆನಾಲ್ಟಿ ಎಂದ. ಗುರುದೇವಿಗೆ ಏನಾಯಿತೆಂದೇ ತಿಳಿಯಲಿಲ್ಲ, ನನ್ನ ಕಡೆ ನೋಡಿದಳು. ನಾನೇನು ಹೇಳಲಿ? ರೆಫ್ರಿಯ ಮಾತೇ ಕೊನೆಯ ಮಾತು ಎಂದು ಕಲಿಸಿದವನೂ ನಾನೇ ಅಲ್ಲವೇ. ಬಿದ್ದ ಹುಡುಗಿಯೇ ಚೆಂಡು ಇಟ್ಟು ಹೊಡೆಯಲು ಬಂದಳು. ಒಮ್ಮೆ ಗುರುದೇವಿಯನ್ನು ನೋಡಿ ತಲೆ ತಗ್ಗಿಸಿದಳು, ಆಮೇಲೆ ಹೊಡೆದಳು. ಅವಳೂ ಸಣ್ಣ ಹುಡುಗಿ, ಅವಳ ಮೇಲೆ ನನಗೆ ಸಿಟ್ಟಿಲ್ಲ. ನಾವು ಆ ಒಂದು ಗೋಲಿನಿಂದ ಸೋತೆವು.

ಆಮೇಲಿನ ಗದ್ದಲ ಕೇಳಬೇಡ. ನಮ್ಮ ಕಡೆಯ ತಂದೆತಾಯಿಗಳು ಕೂಲಿ ಬಿಟ್ಟು ಟೆಂಪೋದಲ್ಲಿ ಬಂದಿದ್ದರು, ಅವರೆಲ್ಲ ಮೈದಾನಕ್ಕೆ ನುಗ್ಗಿದರು. ನಾನು ಅಡ್ಡ ನಿಂತು ತಡೆದೆ. ಹುಡುಗಿಯರಿಗೆ ಎದುರಿನವರ ಕೈ ಕುಲುಕಲು ಹೇಳಿದೆ, ಗೆದ್ದವರಿಗೆ ಕಪ್ ಕೊಡುವಾಗ ಚಪ್ಪಾಳೆ ತಟ್ಟಿಸಿದೆ. ಹುಲಗೇಶ ನನ್ನ ಎದುರು ಬಂದು ನಿಂತ. "ಸರ, ನೀವ್ ಯಾರ ಕಡಿ ಅದೀರಿ? ನನ್ನ ಮಗಳಿಗೆ ಅನ್ಯಾಯ ಆಗೈತಿ, ನೀವ್ ನೋಡಿದ್ರ ಚಪ್ಪಾಳಿ ತಟ್ರಿ ಅಂತೀರಿ!" ಹಂಪಮ್ಮ ಕೂಗಾಡಲಿಲ್ಲ. ಸೆರಗಿನಿಂದ ಮಗಳ ಮುಖ ಒರೆಸುತ್ತಾ, "ಕೈ ಮುಗದ್ರ ದೇವರೇ ಒದ್ದಂಗಾತಲ್ರಿ ಸರ" ಅಂದಳು. ಹುಲಗೇಶನ ಬೈಗುಳ ಅಲ್ಲಿಯೇ ಮರೆತೆ. ಇವಳ ಮಾತು ಮನೆತನಕ ನನ್ನ ಜೊತೆ ಬಂತು.

ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ರೆಫ್ರಿ ತಾನಾಗಿಯೇ ಬಂದ. ಮನೋಜ ಎಂದು ಹೆಸರು, ಇನ್ನೂ ಮೀಸೆ ಬಲಿಯದ ತೆಲುಗು ಹುಡುಗ. ತೆಲುಗಿನಲ್ಲೇ ಹೇಳಿದ: "ಸರ್, ನಿಜ ಹೇಳುತ್ತೇನೆ, ಮಧ್ಯೆ ಇಬ್ಬರು ಅಡ್ಡ ಇದ್ದರು, ನನಗೆ ಸರಿಯಾಗಿ ಕಾಣಲಿಲ್ಲ. ಅಷ್ಟರಲ್ಲಿ ಆ ಹುಡುಗಿ ಬಗ್ಗಿ ನಮಸ್ಕಾರ ಮಾಡಿದಳು. ಕಾಲು ತಾಗದೆ ಯಾರಾದರೂ ನಮಸ್ಕಾರ ಮಾಡುತ್ತಾರೆಯೇ? ನಮ್ಮ ಮನೆಯಲ್ಲೂ ಹಾಗೇ ಅಲ್ಲವೇ ಸರ್?"

"ತಾಗಿತ್ತಪ್ಪ," ಅಂದೆ. "ಚೆಂಡು ಹೊರಗೆ ಹೋದಮೇಲೆ ತಾಗಿತ್ತು."

ಅವನ ಮುಖ ಸಣ್ಣದಾಯಿತು. ಈಗೇನು ಮಾಡಲಿ ಎಂದು ನನ್ನನ್ನೇ ಕೇಳಿದ. ಅವನಿಗೆ ಬೈಯುವಷ್ಟು ತ್ರಾಣವೂ ನನ್ನಲ್ಲಿ ಇರಲಿಲ್ಲ. ಬೇರೆ ಯಾವ ದೇಶದ ರೆಫ್ರಿಯಾಗಿದ್ದರೂ ಆ ಹುಡುಗಿ ಯಾಕೆ ಬಗ್ಗಿದಳೆಂದು ತಿಳಿಯದೆ ಕಾರ್ನರನ್ನೇ ಕೊಟ್ಟಿರುತ್ತಿದ್ದ. ನಮ್ಮವನಾದದ್ದಕ್ಕೆ ತಿಳಿಯಿತು, ತಿಳಿದದ್ದೇ ಅವಳಿಗೆ ಮುಳುವಾಯಿತು.

ಹಾಸ್ಟೆಲಿನಿಂದ ಬಂದವರನ್ನು ಹಿಡಿದು ಎಲ್ಲವನ್ನೂ ವಿವರಿಸಿದೆ. ಅವರು ತಾಳ್ಮೆಯಿಂದಲೇ ಕೇಳಿ, "ಹುಡುಗಿ ಒಳ್ಳೆಯ ಆಟಗಾರ್ತಿ ಸರ್. ಆದರೆ ಮನಸ್ಸು ಮೆತ್ತಗೆ. ಆಟದ ನಡುವೆ ಬಗ್ಗಿ ಕೂರುವವಳು ಮುಂದೆ ಹೇಗೆ ಆಡುತ್ತಾಳೆ?" ಅಂದರು. ಆರಿಸಿದವರ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಸುಮ್ಮನಿರಲಾರದೆ ಅವರ ಬೆನ್ನು ಹತ್ತಿದೆ, ಕೈ ಮುಗಿದೆ. ಜನವರಿಯಲ್ಲಿ ಇನ್ನೊಂದು ಆಯ್ಕೆ ಇದೆ, ಕರೆದುಕೊಂಡು ಬನ್ನಿ ಎಂದರು. ಅಲ್ಲಿಯ ತನಕ ಮಗಳನ್ನು ನಮ್ಮಲ್ಲಿ ಬಿಡಲು ಹುಲಗೇಶನನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. ಅವನೂ ಹಂಪಮ್ಮನೂ ಶಂಶಾಬಾದಿಗೆ ಹೋದರು. ಗುರುದೇವಿ ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಅವಳು ರೊಟ್ಟಿ ಬಡಿಯುವುದನ್ನು ನೋಡಿ ಶೋಭಾಗೆ ಖುಷಿಯೋ ಖುಷಿ.

ದಿನಾಲೂ ಟೀಮಿನ ಒಂದಿಬ್ಬರು ಹುಡುಗಿಯರನ್ನು ಎದುರಿಗೆ ನಿಲ್ಲಿಸಿ ಅವಳಿಗೇ ಬೇರೆಯಾಗಿ ಆಟ ಕಲಿಸುತ್ತಿದ್ದೇನೆ. ಮೊದಲ ದಿನವೇ ಹೇಳಿದೆ, "ಇನ್ನು ಮೇಲೆ ಮೈದಾನದಲ್ಲಿ ಬಗ್ಗಬೇಡ. ಯಾರು ಬೀಳಲಿ, ಯಾರಿಗೆ ಕಾಲು ತಾಗಲಿ, ಚೆಂಡಿನ ಹಿಂದೆ ಹೋಗು." ಅವಳು, "ಮತ್ತ ಮನ್ಯಾಗರಿ ಸರ?" ಎಂದು ಕೇಳಿದಳು. ಮನೆಯಲ್ಲಿ ಮಾಡು, ಅದು ಬೇರೆ, ಇದು ಬೇರೆ ಅಂದೆ. ಹೂಂ ಅಂದಳು. ಆದರೂ ಆಡುವಾಗ ಯಾರಿಗಾದರೂ ಕಾಲು ತಾಗಿದರೆ ಅವಳ ಕೈ ಬಗ್ಗಿಬಿಡುತ್ತಿತ್ತು. ಪ್ರತಿ ಸಲ ನಾನು ಸೀಟಿ ಊದಿ ನಿಲ್ಲಿಸುತ್ತಿದ್ದೆ. ಈಗ ಎರಡು ದಿನದಿಂದ ಸೀಟಿ ಬೇಕಾಗಿಲ್ಲ. ಜನವರಿಯಲ್ಲಿ ಸೀಟು ಸಿಕ್ಕೇ ಸಿಗುತ್ತದೆಂದು ನನಗೆ ನಂಬಿಕೆ ಇದೆ. ನೀನೂ ಅವಳ ಹೆಸರಿನಲ್ಲಿ ಗುಡಿಗೆ ಹೋಗಿ ಒಂದು ತೆಂಗಿನಕಾಯಿ ಒಡೆಸಿ ಬಾ.

ಮಾಮಾನ ಕೆಮ್ಮಿಗೆ ಅಸಡ್ಡೆ ಮಾಡಬೇಡ. ಮೊಮ್ಮಕ್ಕಳಿಗೆ ಈ ಅಜ್ಜನ ಆಶೀರ್ವಾದ ಹೇಳು, ಚೆನ್ನಾಗಿ ಓದಲಿ, ಅದಕ್ಕಿಂತ ಚೆನ್ನಾಗಿ ಆಡಲಿ. ನನ್ನ ತಲೆಯ ಮೇಲೆ ನಿನ್ನ ಕೈ ಯಾವಾಗಲೂ ಇರಲಿ.

ನಿನ್ನ ತಮ್ಮ,
ಗುರುಶಾಂತ

ತಾ.ಕ.: ಕಾಗದ ಮಡಿಸಿದವನು ಮತ್ತೆ ಬಿಚ್ಚಿದ್ದೇನೆ. ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಇದನ್ನು ಬರೆಯುತ್ತಿದ್ದೆ. ಗುರುದೇವಿ ನನಗೆ ಚಹಾ ತಂದಳು. ಹಿಂದಕ್ಕೆ ಹೋಗುವಾಗ ಅವಳ ಕಾಲು ನನ್ನ ನೋಯುವ ಮೊಣಕಾಲಿಗೆ ಬಡಿಯಿತು, ಜೋರಾಗಿಯೇ ಬಡಿಯಿತು. ಅವಳ ಕೈ ಕೆಳಗೆ ಬಂತು ಅಕ್ಕಾ, ಅರ್ಧಕ್ಕೆ ಬಂದು ನಿಂತಿತು. ಸೀಟಿ ಕೇಳಿಸಿದವಳ ಹಾಗೆ ನನ್ನ ಮುಖ ನೋಡಿದಳು. ಕೈ ಹಿಂದೆ ತೆಗೆದುಕೊಂಡು, "ಸಾರಿ ಸರ" ಎಂದು ಒಳಗೆ ಹೋದಳು. ಮನೆಯಲ್ಲಿ ಮಾಡು ಎಂದು ನಾನೇ ಹೇಳಿದ್ದೆನಲ್ಲ. ನೀನು ಒಂದೇ ಸಲ ಕಿವಿ ಹಿಂಡಿ ಕಲಿಸಿದ್ದು ನನಗೆ ಈ ವಯಸ್ಸಿನ ತನಕ ಉಳಿದಿದೆ. ಅದನ್ನೇ ಆ ಹುಡುಗಿಗೆ ಕಲಿಸಿ, ಸೀಟಿ ಊದಿ ಊದಿ ಬಿಡಿಸಿದವನೂ ನಾನೇ. ಅವಳು ಈಗ ಆಯ್ಕೆಗೆ ತಯಾರಾಗಿದ್ದಾಳೆ.