ಕುರಿ ಇಳಿಯುವ ಕೆರೆಗೆ ಹುಲಿಯಮ್ಮ ಏಕೆ ಇಳಿಯಬಾರದು?

ತಾಲ್ಲೂಕಿನ ಅಮಲ್ದಾರ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ, ನಮ್ಮೂರ ಕೆರೆಯಲ್ಲಿ ಎಮ್ಮೆ ಈಜಬಹುದು, ಕುರಿ ಮೀಯಬಹುದು, ಗಾಡಿಯ ಚಕ್ರ ನೆನೆಹಾಕಬಹುದು. ಹುಲಿಯಮ್ಮ ಎಂಬ ಮುದುಕಿ ಮಾತ್ರ ದೇವರ ಹೆಸರಿನಲ್ಲಿ ಒಂದು ಸಲ ಮುಳುಗಿ ಏಳಬಾರದು. ಇದು ತಾವು ಹೋದ ತಿಂಗಳು ತಳವಾರನ ಕೈಲಿ ತಮಟೆ ಹೊಡೆಸಿ ಸಾರಿಸಿದ ಹುಕುಂ. ಕಾರಣ, ನೀರು ಕೆಡುತ್ತದಂತೆ. ಎಮ್ಮೆಗಳ ಮೇಲೆ ತಮಗಿರುವ ವಿಶ್ವಾಸದಲ್ಲಿ ಕಾಲು ಭಾಗವನ್ನು ನಮ್ಮ ಮೇಲೂ ಇಡಬೇಕೆಂದು ಕೇಳಲು ಈ ಬಹಿರಂಗ ಪತ್ರ. ನನ್ನ ಅರ್ಜಿಗಳು ತಮ್ಮ ಕಚೇರಿಯಲ್ಲಿ ಸುಖವಾಗಿ ನಿದ್ದೆ ಮಾಡುತ್ತಿವೆ. ಅವನ್ನು ಎಬ್ಬಿಸುವುದು ಬೇಡವೆಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಯಾರೆಂದು ಹೇಳಬೇಕಲ್ಲ. ಒಂದು ಕ್ರೈಸ್ತ ಪಂಗಡದ ಸಭಾನಾಯಕ. ಪಂಗಡವೆಂದರೆ ಗಾಬರಿಯಾಗಬೇಡಿ, ನಾವೆಲ್ಲ ಒಟ್ಟಾಗಿ ಕುಬಟೂರಿನ ಬಸ್ಸು ಹತ್ತಿದರೂ ಅರ್ಧ ಬಸ್ಸು ಖಾಲಿ ಉಳಿಯುತ್ತದೆ. ಮೊದಲು ಶಿಕಾರಿಪುರದ ಕಡೆ ದೊಡ್ಡ ಸಭೆಯೊಂದರಲ್ಲಿ ಉಪದೇಶಿಯಾಗಿದ್ದೆ. ಅಲ್ಲಿನ ಅಯ್ಯನವರು ದೀಕ್ಷಾಸ್ನಾನಕ್ಕೆ ಹಣೆಯ ಮೇಲೆ ನಾಲ್ಕು ಹನಿ ಚಿಮುಕಿಸಿದರೆ ಸಾಕು ಎನ್ನುತ್ತಿದ್ದರು. ನಾನು ಸಾಲದು ಎಂದೆ. ಮನುಷ್ಯ ಪೂರ್ತಿ ಮುಳುಗಬೇಕು, ಒಂದು ಕೂದಲೂ ಒಣಗಿರಬಾರದು, ಯೇಸುಸ್ವಾಮಿ ಹೊಳೆಗೆ ಇಳಿದರೇ ಹೊರತು ತಂಬಿಗೆಗೆ ಇಳಿಯಲಿಲ್ಲ ಎಂದು ತುಂಬಿದ ಸಭೆಯಲ್ಲಿ ಎದ್ದುನಿಂತು ಗರ್ಜಿಸಿದೆ. ಇಡೀ ಸೀಮೆಯೇ ನನ್ನ ಹಿಂದೆ ಬರುತ್ತದೆಂದು ಎದೆಯುಬ್ಬಿಸಿ ಹೊರಗೆ ನಡೆದೆ. ತಿರುಗಿ ನೋಡಿದರೆ ಬಂದವಳು ಹೆಂಡತಿ ಒಬ್ಬಳೇ. ಅವಳೂ ಬಂದದ್ದು, ಹಾರ್ಮೋನಿಯಂ ನಮ್ಮದು, ಅದನ್ನು ಒಳಗೇ ಬಿಟ್ಟಿದ್ದೀರಲ್ಲ ಎಂದು ನೆನಪಿಸುವುದಕ್ಕೆ.

ಈಗ ತಮಾಷೆ ನೋಡಿ. ಕೆರೆಯ ವಿಚಾರಕ್ಕೆ ತಮ್ಮ ಮೇಜಿನ ಮುಂದೆ ಕೈಕಟ್ಟಿ ನಿಂತಾಗ ತಾವು ಕಾಗದದಿಂದ ತಲೆಯೆತ್ತದೆ, "ಒಂದು ತಂಬಿಗೆ ನೀರು ತಲೆ ಮೇಲೆ ಹಾಕಿ ಮುಗಿಸ್ರೀ, ಅದಕ್ಕೆ ಕೆರೆ ಯಾಕೆ ಬೇಕು?" ಎಂದಿರಿ. ಯಾವ ಮಾತಿಗೆ ಸಿಡಿದೆದ್ದು ಕೆಲಸ ಬಿಟ್ಟೆನೋ ಅದೇ ಉಪದೇಶವನ್ನು ಸರ್ಕಾರ ನನಗೆ ಪುಕ್ಕಟೆಯಾಗಿ ಮಾಡಿತು. ಆ ಸಭೆಯಲ್ಲಿ ನನ್ನ ಹಳೆಯ ಜಾಗ ಇನ್ನೂ ಖಾಲಿ ಇದೆಯಂತೆ. ತಾವು ಒಪ್ಪುವುದಾದರೆ ಶಿಫಾರಸು ಮಾಡುತ್ತೇನೆ.

ಹುಲಿಯಮ್ಮ ಕುರಿ ಸಾಕುವ ಮನೆಯವಳು. ಅವಳ ಒಬ್ಬಳೇ ಮಗಳು ತಾಯಮ್ಮ ನಮ್ಮ ಸಭೆಗೆ ಸೇರಿ, ಹೋದ ವರ್ಷ ಇದೇ ಕೆರೆಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡಳು. ಆಗ ಯಾರ ತಡೆಯೂ ಇರಲಿಲ್ಲ. ಅದೇ ವರ್ಷದ ಮಳೆಗಾಲದಲ್ಲಿ ವಿಷಮಜ್ವರ ಬಂದು ತೀರಿಕೊಂಡಳು. ಹುಲಿಯಮ್ಮ ಬಹಳ ದಿನ ನನ್ನ ಮುಖ ನೋಡಲಿಲ್ಲ. ನಾನೂ ಆ ಬೀದಿಗೆ ಹೋಗಲು ಹೆದರುತ್ತಿದ್ದೆ. ಕೊನೆಗೆ ಅವಳೇ ಬಂದು, ತನಗೂ ಮುಳುಗಬೇಕು ಎಂದಳು. ಕಾಲು ಬಾತಿವೆ, ಏದುಸಿರು ನಿಲ್ಲುವುದಿಲ್ಲ. ಸೊರಬದಿಂದ ಬಂದ ಕಾಂಪೌಂಡರು ನನ್ನನ್ನು ಪಕ್ಕಕ್ಕೆ ಕರೆದು, ಏನು ಮಾಡುವುದಿದ್ದರೂ ಬೇಗ ಮಾಡಿ ಎಂದರು. ಹೊಳೆಗೆ ಕರೆದೊಯ್ಯಿರಿ ಎನ್ನುತ್ತಾರೆ ತಮ್ಮ ಗುಮಾಸ್ತರು. ಗಾಡಿಯ ಕುಲುಕಾಟಕ್ಕೆ ಅವಳು ಹೊಳೆ ಕಾಣುವ ಮೊದಲೇ ಕಣ್ಣು ಮುಚ್ಚುತ್ತಾಳೆ.

ಆದ್ದರಿಂದ ನಾನೊಂದು ಉಪಾಯ ಹೂಡಿದೆ. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಕೆರೆಗೆ ಇಳಿಸಿ ತೊಳೆಯುವುದುಂಟಲ್ಲ. ಅದಕ್ಕೆ ತಮ್ಮ ಅಡ್ಡಿಯಿಲ್ಲ. ಅವಳ ಮೈದುನ ಸಣ್ಣಬೀರಪ್ಪ ಕುರಿ ತೊಳೆಯುವ ದಿನ ನಾನೂ ಕಚ್ಚೆ ಬಿಗಿದು ಇಳಿದೆ. ಹುಲಿಯಮ್ಮ ಕುರಿಗಳ ನಡುವೆ ಅವನ ಹೆಗಲು ಹಿಡಿದು ಮೊಣಕಾಲುದ್ದ ನೀರಿಗೆ ಬಂದಳು. ಆಗಲೇ ಮುಳುಗಿಸಿ ಎತ್ತಿಬಿಟ್ಟಿದ್ದರೆ ಈ ಪತ್ರವೇ ಬೇಕಿರಲಿಲ್ಲ. ಆದರೆ ಪ್ರಾರ್ಥನೆಯಿಲ್ಲದೆ ಶುರುಮಾಡುವ ಜಾತಿಯೇ ನಮ್ಮದು? ಕಣ್ಣು ಮುಚ್ಚಿದೆ, ಕೈ ಎತ್ತಿದೆ, ಲೋಕದ ಸೃಷ್ಟಿಯಿಂದ ಹಿಡಿದು ನಿಧಾನವಾಗಿ ಈಚೆಗೆ ಬರುತ್ತಿದ್ದೆ. ನೋಹನ ಜಲಪ್ರಳಯಕ್ಕೆ ಬಂದಿದ್ದೆನೋ ಇಲ್ಲವೋ, ಒಂದು ಟಗರು ಹಿಂದಿನಿಂದ ಗುಮ್ಮಿತು. ನಾನು ಪೂರ್ತಿ ಮುಳುಗಿದೆ. ಒಂದು ಕೂದಲೂ ಒಣಗಿರಲಿಲ್ಲ. ಕೆಮ್ಮುತ್ತ ಎದ್ದಾಗ ದಡದ ಮೇಲೆ ತಳವಾರ ಗುಡ್ಡಪ್ಪ ನಿಂತಿದ್ದ, ಅವನ ಗದರಿಕೆಗೆ ಸಣ್ಣಬೀರಪ್ಪ ಹುಲಿಯಮ್ಮನನ್ನು ವಾಪಸು ಕರೆದೊಯ್ಯುತ್ತಿದ್ದ. ದೀಕ್ಷಾಸ್ನಾನ ಜೀವಮಾನಕ್ಕೆ ಒಂದೇ ಸಲ ಎಂದು ಬೋಧಿಸುವವನು ನಾನು. ಟಗರು ಮಾಡಿಸಿದ್ದನ್ನು ಯಾವ ಲೆಕ್ಕಕ್ಕೆ ಹಾಕಲಿ? ಊರು ನಗುತ್ತಿದೆ, ನಗಲಿ. ನನ್ನ ಉದ್ದದ ನಾಲಗೆಯಿಂದ ಅವಳ ಗಳಿಗೆ ತಪ್ಪಿತಲ್ಲ ಎಂದು ನನಗೆ ನಗು ಬರುತ್ತಿಲ್ಲ.

ಮೊನ್ನೆ ನಾನೇ ಸೋತೆ. ತಂಬಿಗೆ ಹಿಡಿದು ಅವಳ ಮನೆಗೆ ಹೋದೆ. ದೊಡ್ಡ ಸಭೆಯ ಅಯ್ಯನವರು ಹೇಳಿದ್ದೇ ಸರಿ, ಸರ್ಕಾರ ಹೇಳಿದ್ದೇ ಸರಿ, ನಾಲ್ಕು ಹನಿಯೂ ದೇವರಿಗೆ ಸಾಕು ಎಂದೆ. ಚಾಪೆಯ ಮೇಲೆ ಮಲಗಿದ್ದ ಅವಳು ತಂಬಿಗೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ದೇವ್ರಿಗೆ ಸಾಕಾಗ್ಬೋದು ಅಯ್ಯನೋರೆ. ನನ್ ಮಗಳು ಇಳಿದಿದ್ದು ಆ ನೀರಿಗೆ."

ನಾನು ತಂಬಿಗೆ ಎತ್ತಿಕೊಂಡು ಮನೆಗೆ ಬಂದೆ. ಇಷ್ಟು ದಿನ ಅವಳು ನನ್ನ ಸಿದ್ಧಾಂತಕ್ಕೆ ಒಲಿದಳೆಂದು ಬೀಗುತ್ತಿದ್ದೆ ನೋಡಿ, ನನ್ನಂಥ ಪೆದ್ದ ಇನ್ನೊಬ್ಬನಿಲ್ಲ. ಅವಳ ಮಾತಿಗೆ ತಮ್ಮಲ್ಲೇನಾದರೂ ಉತ್ತರವಿದೆಯೇ? ಕನ್ನಡ ಸೀಮೆಗಳೆಲ್ಲ ಸೇರಿ ರಾಜ್ಯ ದೊಡ್ಡದಾಯಿತೆಂದು ಮೊನ್ನೆ ಮೊನ್ನೆ ಸಿಹಿ ಹಂಚಿದಿರಲ್ಲ, ಇಷ್ಟು ದೊಡ್ಡ ರಾಜ್ಯದಲ್ಲಿ ಒಬ್ಬ ತಾಯಿಗೆ ಒಂದು ಮುಳುಗಿನಷ್ಟು ನೀರಿಲ್ಲವೇ?

ಬರುವ ಭಾನುವಾರ ಬೆಳಿಗ್ಗೆ, ಎಮ್ಮೆಗಳು ಇಳಿಯುವ ಮುಂಚೆ, ಅವಳಿಗೆ ಕೆರೆ ಬಿಡಿ. ನೀರು ಕೆಡುವುದು ನನ್ನಿಂದ ಎನ್ನುವುದಾದರೆ ಆ ತಡೆಯನ್ನು ನನ್ನೊಬ್ಬನ ಮೇಲೆ ಹಾಕಿ. ನಾನು ದಡದಲ್ಲೇ ನಿಲ್ಲುತ್ತೇನೆ. ಸಣ್ಣಬೀರಪ್ಪ ಅವಳನ್ನು ಎತ್ತಿಕೊಂಡು ಇಳಿಯುತ್ತಾನೆ, ನನ್ನ ಹೆಂಡತಿ ಮುಳುಗಿಸುತ್ತಾಳೆ. ಪ್ರಾರ್ಥನೆ ಒಂದೇ ಸಾಲು. ಅದನ್ನು ಹುಲಿಯಮ್ಮನೇ ಹೇಳಿಕೊಳ್ಳುತ್ತಾಳಂತೆ, ನಾನು ಬಾಯಿ ತೆರೆಯಬಾರದಂತೆ. ನಾನು ಒಪ್ಪಿದ್ದೇನೆ. ಇನ್ನು ತಾವು ಒಪ್ಪುವುದೊಂದೇ ಬಾಕಿ.

ಇಂತಿ,
ಒಮ್ಮೆ ನಂಬಿಕೆಯಿಂದಲೂ ಇನ್ನೊಮ್ಮೆ ಟಗರಿನಿಂದಲೂ ಮುಳುಗಿ ಎದ್ದು, ಈಗ ದಡದಲ್ಲಿ ನಿಲ್ಲಲು ತಯಾರಾಗಿರುವ
ಯೋಹಾನ ಆನಂದಪ್ಪ