ಬೈಸಿಕೊಂಡ ಬೋಲ್ಟು

ಭಾನುವಾರ, ಜುಲೈ ೧೪

ಕಾರು ಕೂಲಂಟ್ ಕುಡಿದು ಬಿಳಿ ಹೊಗೆ ಉಗುಳುತ್ತಿತ್ತು. ಎಂಜಿನ್ ಹೊಗೆಯನ್ನು ತಣಿಸುವ ಇಜಿಆರ್ ಕೂಲರ್ ಒಳಗೇ ಸೋರುತ್ತಿತ್ತಂತೆ. "ಬದಲಾಯಿಸೋಕೆ ಮೆಕ್ಯಾನಿಕ್ ಯಾಕೆ, ನಾವಿಲ್ವಾ?" ಅಂದರು ಮಾವ. ಅಳಿಯನಾದವನು ಬೇಡ ಅನ್ನೋದು ಹೇಗೆ?

ಹಳೇ ಕೂಲರಿನ ಕೊನೇ ಬೋಲ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮಾವ ರೇಗಿ, "ದರಿದ್ರದವನೇ, ಅಂಟಿಕೊಂಡು ಕೂತಿದೀಯಲ್ಲೋ, ತೊಲಗು!" ಅಂತ ಅದಕ್ಕೆ ಬೈದರು. ಹೆಂಡತಿ ಒಳಗಿಂದ ಓಡಿಬಂದಳು. "ಅಪ್ಪಾ! ನನ್ನ ಗಂಡನಿಗೆ ಇನ್ನೊಂದು ಮಾತು ಅಂದ್ರೆ ನೋಡಿ!"

ಮದುವೆಯಾದಾಗಿನಿಂದ ಅವಳು ಅಪ್ಪನೆದುರು ನನ್ನ ಪರ ನಿಂತದ್ದು ಇದೇ ಮೊದಲು. ಮಾವನನ್ನು ಕಣ್ಣಲ್ಲೇ ಬೇಡಿಕೊಂಡೆ. "ತಪ್ಪಾಯ್ತಮ್ಮ," ಅಂದುಬಿಟ್ಟರು, ದೇವರಂಥ ಮನುಷ್ಯ. ಆಮೇಲೆ ಬೋಲ್ಟೂ ಮೆತ್ತಗಾಯಿತು. ಸಂಜೆಗೆ ಹೊಸ ಕೂಲರ್ ಕೂತಿತು, ಹೊಗೆಯೂ ನಿಂತಿತು.

ಅವಳಿಗೆ ನಿಜ ಹೇಳಬೇಕು. ನನ್ನ ಬೆನ್ನಿಗೆ ತಿಕ್ಕೋಕೆ ಎಣ್ಣೆ ಬಿಸಿ ಮಾಡಿಕೊಂಡು ಬರುತ್ತಿದ್ದಾಳೆ. ತಿಕ್ಕಿ ಮುಗಿಸಲಿ, ಆಮೇಲೆ...