ಮನೆಪಾಠದ ಸಹಿ

ಹೆಡ್ ಅಕ್ಕೋರಿಗೆ,

ಸುಶ್ಮಿತಾಳ ತಾಯಿ ದುರ್ಗಿಯ ನಮಸ್ಕಾರ.

ಐದನೇ ತರಗತಿ ಮಾಳಿಗೆಯ ಮೇಲಿದೆ, ನಡೆಯಲಾಗದ ಹುಡುಗಿಗೆ ಮನೆಯಲ್ಲೇ ಪಾಠವಾಗಲಿ ಎಂದು ಜೂನ್ ಸಭೆಯಲ್ಲಿ ನೀವೆಲ್ಲ ಯೋಜನೆ ಬರೆದಿರಿ. ಎದುರು ಹೇಳಲು ಧೈರ್ಯ ಸಾಲದೆ ನಾನು ಸಹಿ ಹಾಕಿದೆ.

ವಾರಕ್ಕೊಮ್ಮೆ ಮನೆಗೆ ಬರುವ ಟೀಚರು ಚೆನ್ನಾಗಿಯೇ ಕಲಿಸುತ್ತಾರೆ. ಆದರೆ ಉಳಿದ ದಿನಗಳಲ್ಲೂ ಸುಶ್ಮಿತಾ ಯೂನಿಫಾರ್ಮ್ ಹಾಕಿಕೊಂಡು ಬಾಗಿಲಲ್ಲಿ ಕೂರುತ್ತಾಳೆ. ನಿನ್ನೆ ನಾನು ಒಣಮೀನು ಮಾರಿ ಬಂದಾಗ, “ಅಮ್ಮಾ, ನಾ ಎಂತ ತಪ್ಪು ಮಾಡ್ದೆ?” ಎಂದು ಕೇಳಿದಳು.

“ನೀ ಎಂತದೂ ಮಾಡ್ಲಿಲ್ಲ. ಸಹಿ ಹಾಕಿದ್ದು ನಾನು” ಎಂದೆ.

ಆ ಸಹಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಸೋಮವಾರ ಅವಳನ್ನು ಎತ್ತಿಕೊಂಡು ಬರುತ್ತೇನೆ. ತರಗತಿ ಕೆಳಗೆ ಬರುವವರೆಗೆ ಮೆಟ್ಟಿಲನ್ನೂ ನಾನೇ ಹತ್ತಿಸುತ್ತೇನೆ. ಹಾಜರಿ ಕೂಗುವಾಗ ಅವಳ ಹೆಸರನ್ನು ಬಿಡಬೇಡಿ.

ಇಂತಿ,
ದುರ್ಗಿ, ಕಾಸರಕೋಡ